ಗಂಗಾಧರ ಕಾಯಿಸಿದ ನೀರು

ಬೀಗಿತ್ತಿ ಕಾತ್ಯಾಯಿನಿಯಮ್ಮ ಆಡಿದ ಆ ಒಂದು ಮಾತನ್ನು ಗಂಗಾಧರ ಇವತ್ತಿಗೂ ಮರೆತಿಲ್ಲ. ಮರೆಯುವ ಉದ್ದೇಶವೂ ಅವನಿಗಿಲ್ಲ.

ಆಡಿದ್ದು ಎಲ್ಲಿ? ಅವನ ಒಬ್ಬಳೇ ಮಗಳು ನಿಹಾರಿಕಾಳ ಸೀಮಂತದಲ್ಲಿ. ರಿವರ್‌ಸೈಡಿನಲ್ಲಿ ಅಳಿಯ ಸಂಕೇತನ ಅಪಾರ್ಟ್‌ಮೆಂಟು, ಆರನೇ ಮಹಡಿ. ನೈರೋಬಿಯಲ್ಲಿ ನೆಲೆಸಿದ ಕನ್ನಡದ ನಾಲ್ಕಾರು ಸಂಸಾರ ಸೇರಿದ್ದವು. ಅಳಿಯನ ತಾಯಿ ಕಾತ್ಯಾಯಿನಿಯಮ್ಮ ಮೈಸೂರಿನಿಂದ ಬಂದು ಇಳಿದು ವಾರವಾಗಿತ್ತಷ್ಟೇ, ಆಗಲೇ ಮನೆಯೆಲ್ಲ ಅವರದೇ ದನಿ. ಹೋಳಿಗೆ ಬಡಿಸುವಾಗ ಯಾರೋ ಹೆಂಗಸು ವಾಡಿಕೆಯಂತೆ ಕೇಳಿದರು, "ಚೊಚ್ಚಲ ಬಾಣಂತನ, ತವರಿಗೆ ಕಳಿಸ್ತೀರೇನ್ರೀ?" ಗಂಗಾಧರ ಬಾಯಲ್ಲಿದ್ದ ತುತ್ತು ನುಂಗಿ, "ಹೌದು, ನಮ್ಮನೇಲೇ" ಅನ್ನುವಷ್ಟರಲ್ಲಿ ಕಾತ್ಯಾಯಿನಿಯಮ್ಮ ತುಪ್ಪದ ಮಿಳ್ಳೆ ಎತ್ತಿ ಹಿಡಿದು ನಕ್ಕರು.

"ತವರು ಅಂದ್ರೆ ಸ್ಯೊಕಿಮಾವು ಕಣ್ರೀ. ಅಲ್ಲಿ ಕಾಯೋದು ನಮ್ಮ ಬೀಗರ ತಲೆ ಒಂದೇ. ನೀರು ಕಾಯಲ್ಲ!"

ಇಡೀ ಪಂಕ್ತಿ ಗೊಳ್ಳೆಂದಿತು. ನಿಹಾರಿಕಾ ತಲೆ ತಗ್ಗಿಸಿದಳು. ನಗು ತಡೆಯುವುದಕ್ಕೆ ತಗ್ಗಿಸಿದಳೋ, ಅಪ್ಪನ ಮುಖ ನೋಡಲಾರದೆ ತಗ್ಗಿಸಿದಳೋ, ಗಂಗಾಧರನಿಗೆ ತಿಳಿಯಲಿಲ್ಲ. ಎಲೆ ಮಡಚಿ ಎದ್ದವನು ಕೈ ತೊಳೆದು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೊರಟುಬಿಟ್ಟ.

ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಉರಿ. ಮದುವೆಯ ಸಮಯದಲ್ಲಿ ಆಕೆ ಒಂದು ರಾತ್ರಿ ಊರಂಚಿನ ಸ್ಯೊಕಿಮಾವು ಬಡಾವಣೆಯ ಅವನ ಮನೆಯಲ್ಲಿ ತಂಗಿದ್ದರು. ಅವನ ಬಚ್ಚಲಿನಲ್ಲಿರುವುದು ಈ ಊರಿನ ಮನೆಮನೆಯಲ್ಲೂ ಇರುವಂಥ, ಷವರಿನ ತಲೆಯೊಳಗೇ ಕರೆಂಟು ಹಾಯುವ ಇನ್‌ಸ್ಟಂಟ್ ಷವರು. ನೀರು ಜೋರಾಗಿ ಬಿಟ್ಟರೆ ತಣ್ಣಗೆ, ಸಣ್ಣಗೆ ಬಿಟ್ಟರೆ ಬೆಚ್ಚಗೆ, ನಲ್ಲಿ ಮುಟ್ಟಿದರೆ ಬೆರಳಿಗೆ ಜುಂ. ಅವತ್ತು ಆಕೆ ಅರ್ಧ ಸೋಪಿನಲ್ಲೇ ಕೂಗಿಕೊಂಡು ಹೊರಬಂದಿದ್ದರು. ಅಲ್ಲ, ಆದರೂ ನೀವೇ ಹೇಳಿ, ಉಂಡ ಮನೆಯ ಬಚ್ಚಲನ್ನು ಹತ್ತು ಜನರ ಎಲೆಯ ಮುಂದೆ ತೆಗೆಯುತ್ತಾರೆಯೇ?

ಇನ್ನೂ ದೊಡ್ಡ ಅವಮಾನವೆಂದರೆ ಗಂಗಾಧರನ ಕಸುಬೇ ನೀರು ಕಾಯಿಸುವುದು. ಇಂಡಸ್ಟ್ರಿಯಲ್ ಏರಿಯಾದ ಒಂದು ಸೋಪಿನ ಕಾರ್ಖಾನೆಯಲ್ಲಿ ಅವನು ಬಾಯ್ಲರ್ ನೋಡಿಕೊಳ್ಳುವವನು. ಭದ್ರಾವತಿಯಲ್ಲಿ ಆರನೇ ಕ್ಲಾಸಿಗೆ ಓದು ಬಿಟ್ಟು, ಅಲ್ಲಿ ಇಲ್ಲಿ ಬೆಂಕಿಯ ಮುಂದೆ ನಿಂತು ಕೆಲಸ ಕಲಿತು, ಯಾರದೋ ಕೈ ಹಿಡಿದು ಇಲ್ಲಿಗೆ ಬಂದವನು. ಅವನ ಸಿಟ್ಟು ಕಾರ್ಖಾನೆಗೆಲ್ಲ ಗೊತ್ತು. "ಬಾಯ್ಲರಿಗೆ ಸೇಫ್ಟಿ ವಾಲ್ವ್ ಇದೆ, ಗಂಗಣ್ಣನಿಗಿಲ್ಲ" ಎಂದು ಜೊತೆಯವರು ಹಾಸ್ಯ ಮಾಡುತ್ತಿದ್ದರು. ಇದ್ದ ಒಂದು ವಾಲ್ವೆಂದರೆ ಹೆಂಡತಿ ರುಕ್ಮಿಣಿ. ಅವನು ಹಾರಾಡುವಾಗ ಅವಳು ಸುಮ್ಮನೆ ಒಂದು ಲೋಟ ಮಜ್ಜಿಗೆ ತಂದು ಮುಂದಿಡುತ್ತಿದ್ದಳು, ಅಷ್ಟೇ. ಅವಳು ಹೋಗಿ ಕೆಲವು ವರ್ಷವಾಯಿತು. ಜ್ವರವೆಂದು ಮಲಗಿದವಳು ಏಳಲಿಲ್ಲ.

ಅವಳಿದ್ದಾಗ ಕಂತಿನಲ್ಲಿ ಕೊಂಡ ಎರಡು ಕೋಣೆಯ ಮನೆಯದು. ಸಾಲಾಗಿ ಕಟ್ಟಿದ ಒಂದೇ ಥರದ ಮನೆಗಳು, ಗೇಟಿಗೊಬ್ಬ ಕಾವಲಿನ ಅಸ್ಕಾರಿ. ತಲೆಯ ಮೇಲೆ ವಿಮಾನ ಇಳಿಯುವ ಸದ್ದು. ಕೆಲಸ ಮುಗಿಸಿ ಮಟಾಟು ವ್ಯಾನಿನಲ್ಲಿ ಟ್ರಾಫಿಕ್ ಜಾಮು ದಾಟಿ ಬಂದು, ಬೀಗ ತೆಗೆದು, ಟಿವಿ ಹಾಕಿ, ಅದರ ಕಡೆ ನೋಡದೆ ಅನ್ನಕ್ಕಿಡುತ್ತಿದ್ದ. ಶನಿವಾರ ಸಂಜೆ ಮನೆ ಹೊಕ್ಕರೆ ಸೋಮವಾರ ಬೆಳಿಗ್ಗೆಯವರೆಗೆ ಕನ್ನಡದ ಒಂದು ಶಬ್ದ ಬಾಯಿಂದ ಬರುತ್ತಿರಲಿಲ್ಲ. ಬಂದರೆ ಕರೆಂಟಿನ ಮೀಟರಿನ ಮೇಲೆ. ಮುಂಗಡ ದುಡ್ಡು ಕಟ್ಟಿ ಹಾಕಿದ ಟೋಕನ್ ಮುಗಿಯುವ ಹೊತ್ತಿಗೆ ಅದು ಕೀಂ ಕೀಂ ಎನ್ನುತ್ತಿತ್ತು. "ಬಡ್ಕೋಬೇಡ್ವೋ, ಹಾಕ್ತೀನಿ" ಎಂದು ಅದಕ್ಕೆ ಬೈಯುತ್ತಿದ್ದ. ಅದೂ ಒಂದು ಮಾತುಕತೆಯೇ.

ಹಾಗಾಗಿ ಬಾಣಂತನ ಅವನಿಗೆ ಬರೀ ಪದ್ಧತಿಯಾಗಿರಲಿಲ್ಲ. ಚೊಚ್ಚಲಿಗೆ ಮಗಳು ತವರಿಗೆ ಬರಬೇಕು, ಬಂದರೆ ತಿಂಗಳುಗಟ್ಟಲೆ ಇರಬೇಕು. ಮನೆಯಲ್ಲಿ ಸಾಂಬ್ರಾಣಿ ಹೊಗೆ, ಮಗುವಿನ ಅಳು, ಹಗ್ಗದ ಮೇಲೆ ಸಣ್ಣ ಸಣ್ಣ ಬಟ್ಟೆ. ಇದೆಲ್ಲ ಅವನ ತಲೆಯಲ್ಲಿ ಆಗಲೇ ನಡೆಯುತ್ತಿತ್ತು. ಸೀಮಂತದ ಮಾರನೇ ದಿನ ಮಗಳಿಗೆ ಫೋನು ಮಾಡಿದ.

"ಅಪ್ಪಾ, ಯು ಜಸ್ಟ್ ವಾಕ್ಡ್ ಔಟ್! ಎಲ್ರೂ ಕೇಳ್ತಿದ್ರು."

"ಅದು ಬಿಡು. ನೀನು ಬಾಣಂತನಕ್ಕೆ ಬರ್ತೀಯೋ ಇಲ್ವೋ?"

ಇಲ್ಲೇ ಬೆಳೆದ ಹುಡುಗಿ ಅವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಹೌ ಕ್ಯಾನ್ ಐ, ಅಪ್ಪಾ? ಅಲ್ಲಿ ಹಾಟ್ ವಾಟರ್ ಇಲ್ಲ. ನಾಟ್ ವಿತ್ ಎ ಬೇಬಿ. ಜುಲೈ ಅಂದ್ರೆ ಇಲ್ಲಿ ಚಳಿಗಾಲ ಬೇರೆ."

"ನೀರು ತಾನೆ? ನೀರು ಕಾಯಿಸಿಕೊಟ್ರೆ ಬರ್ತೀಯಾ?"

"ಓಕೆ ಅಪ್ಪಾ. ವಿ ವಿಲ್ ಸೀ."

ಮೊದಲನೆಯ ಮಾತನ್ನು ಗಂಗಾಧರ ಗಟ್ಟಿಯಾಗಿ ಹಿಡಿದುಕೊಂಡ. ಎರಡನೆಯದನ್ನು ಹೋಗಲಿ ಎಂದು ಬಿಟ್ಟ.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಪಂಪು, ಗೀಸರು ಮಾರುವ ಅಂಗಡಿಯಿದೆ. ಅಲ್ಲಿನ ಸೇಲ್ಸಿನ ಮಂಜುನಾಥ ದಾವಣಗೆರೆಯವನು. ಗಂಗಾಧರನ ಬೈಗುಳ ತಿಂದೂ ಅವನೊಡನೆ ಟೀ ಕುಡಿಯುವ ಒಬ್ಬನೇ ಮನುಷ್ಯ.

"ಗೀಸರ್ ಬೇಡ ಗಂಗಣ್ಣ, ಬಿಲ್ಲು ಕಿತ್ಕೊಂಡ್ ತಿನ್ನುತ್ತೆ. ಹೀಟ್ ಪಂಪ್ ಹಾಕ್ಸು."

"ಅದೇನಪ್ಪ ಹೊಸ ದೇವರು?"

"ಫ್ರಿಜ್ಜಿನ ಬೆನ್ನು ಮುಟ್ಟಿ ನೋಡಿದ್ದೀಯಾ? ಬಿಸಿ ಇರುತ್ತಲ್ಲ? ಒಳಗಿನ ಶಾಖ ಎಳ್ದು ಹೊರಗೆ ತಳ್ಳುತ್ತೆ. ಇದೂ ಅದೇ. ಹೊರಗಿನ ಗಾಳೀಲಿರೋ ಶಾಖ ಹೀರಿ ಟ್ಯಾಂಕಿನ ನೀರಿಗೆ ಕೊಡುತ್ತೆ. ಕರೆಂಟು ಸ್ವಲ್ಪ, ನೀರು ಬಕೆಟ್‌ಗಟ್ಟಲೆ. ಮೇಲಾಗಿ ರಿಬೇಟ್ ಇದೆ. ಕರೆಂಟು ಉಳಿಸೋರಿಗೆ ಅಂತ ಒಂದು ಹಸಿರು ನಿಧಿಯವರು ಬೆಲೆಯ ಮೂರರಲ್ಲೊಂದು ಪಾಲು ವಾಪಸ್ ಕೊಡ್ತಾರೆ."

"ಬಿಟ್ಟಿಯಾಗಿ ಕೊಡೋಕೆ ಅವರಿಗೇನು ನಾನು ಅಳಿಯನಾ?"

"ನಗಬೇಡ. ಪ್ರದೇಶ ಪ್ರದೇಶಕ್ಕೆ ಬೇರೆ ರೂಲ್ಸು ಮಾಡಿದ್ದಾರೆ. ನೈರೋಬಿಗೊಂದು, ಪಕ್ಕದ ಕೌಂಟಿಗೊಂದು. ಅರ್ಜಿ ಹಾಕೋ ಮೊದಲು ಕೂತು ಓದ್ಕೋ. ಇಲ್ಲಾ ನಾಳಿದ್ದು ಬಾ, ನಾನೇ ಓದಿ ಹೇಳ್ತೀನಿ."

ಅಷ್ಟು ಸಾಕಾಯಿತು. ಓದಿ ಹೇಳುತ್ತೀನಿ ಎಂದರೆ ಗಂಗಾಧರನಿಗೆ ಕೆನ್ನೆಗೆ ಬಾರಿಸಿದ ಹಾಗೆ. "ಲೇ, ನೀನು ಚಡ್ಡಿ ಹಾಕ್ತಿದ್ದಾಗ ನಾನು ಈ ಊರಿಗೆ ಬಂದವನು. ನಾನಿರೋದು ಯಾವ ಪ್ರದೇಶ ಅಂತ ನೀನು ಹೇಳಿಕೊಡ್ತೀಯೇನೋ? ನೈರೋಬಿ! ಇನ್ನೇನು?" ಎಂದು ಟೀ ಲೋಟ ಕುಕ್ಕಿ ಎದ್ದು ಬಂದ. ಅವತ್ತೇ ಫೋನಿನಲ್ಲಿ ಅರ್ಜಿ ತುಂಬಿದ.

ಈ ದೇಶದಲ್ಲಿ ಪೋಸ್ಟ್‌ಮ್ಯಾನು ಮನೆಗೆ ಬರುವುದಿಲ್ಲ. ಕಾಗದವೆಲ್ಲ ಅಂಚೆ ಕಚೇರಿಯ ಪೆಟ್ಟಿಗೆಗೆ. ಕಾರ್ಖಾನೆಯ ಕನ್ನಡದವರೆಲ್ಲ, ಮ್ಯಾನೇಜರಿನಿಂದ ಹಿಡಿದು ಫಿಟ್ಟರಿನವರೆಗೆ, ಕಾರ್ಖಾನೆಯ ಪೆಟ್ಟಿಗೆಯ ನಂಬರನ್ನೇ ವಿಳಾಸವೆಂದು ಕೊಡುವ ರೂಢಿ. ಊರಿಂದ ಬರುವ ಲಗ್ನಪತ್ರಿಕೆಗೂ ಅದೇ, ಬ್ಯಾಂಕಿಗೂ ಅದೇ. ಮನೆ ಎಲ್ಲಿದೆ ಎಂದು ಬರೆಯುವ ಪ್ರಸಂಗವೇ ಗಂಗಾಧರನಿಗೆ ಇಷ್ಟು ವರ್ಷ ಬಂದಿರಲಿಲ್ಲ. ಇದಕ್ಕೂ ಅದೇ ಪೆಟ್ಟಿಗೆ, ಅದೇ ನೈರೋಬಿ. "ನಿಮ್ಮ ಅರ್ಜಿ ಬಂದಿದೆ, ಪರಿಶೀಲನೆಗೆ ಬರುತ್ತೇವೆ" ಎಂದು ಸಂದೇಶ ಬಂತು. ಬಂದಿದೆ ಎಂದರೆ ಮಂಜೂರಾಯಿತು ಎಂದೇ ಅವನು ತಿಳಿದ. ಜೂನ್ ಹತ್ತಿರವಾಗುತ್ತಿತ್ತು. ಕೂಡಿಟ್ಟಿದ್ದನ್ನು ತೆಗೆದು ಮೆಷಿನು ಕೊಂಡೇಬಿಟ್ಟ.

ಹಿತ್ತಿಲ ಗೋಡೆಗೆ ಆನಿಸಿ ಅದನ್ನು ನಿಲ್ಲಿಸಿದರು. ಒಂದಾಳೆತ್ತರದ ಬಿಳಿ ಟ್ಯಾಂಕು, ತಲೆಯ ಮೇಲೆ ಫ್ಯಾನು. ಬಾಯ್ಲರಿನ ಹಾಗೆ ಬೆಂಕಿಯಿಲ್ಲ, ಬುಸುಗುಟ್ಟುವುದಿಲ್ಲ, ದೂರದಲ್ಲೆಲ್ಲೋ ಜೇನು ಹಾರಿದಂತೆ ಗುಂಯ್ ಅಷ್ಟೇ. ಫ್ಯಾನಿನಿಂದ ಬರುವ ಗಾಳಿಗೆ ಕೈಯೊಡ್ಡಿದರೆ ತಣ್ಣಗಿತ್ತು. ಶಾಖವನ್ನು ಕಿತ್ತು ಒಳಗಿಟ್ಟುಕೊಂಡು ಗಾಳಿಯನ್ನು ಬೋಳಿಸಿ ಬಿಡುತ್ತಿದೆ ಎಂದು ಅವನಿಗೆ ಖುಷಿಯಾಯಿತು. ಬಹಳ ದಿನದ ಮೇಲೆ ಆದ ಖುಷಿ.

ಸಂಜೆ ನಲ್ಲಿ ತಿರುಗಿಸಿದ. ಹಬೆ ಎದ್ದಿತು. ಬಕೆಟ್ಟಿಗೆ ತುಂಬಿ ತಂಬಿಗೆಯಲ್ಲಿ ಮೈಮೇಲೆ ಹೊಯ್ದುಕೊಂಡ. ಬಕೆಟ್ಟು ಮುಗಿಯಿತು, ನೀರು ಮುಗಿಯಲಿಲ್ಲ. ಮೈ ಒರೆಸಿ ಹೊರಬಂದಾಗ ಯಾರನ್ನಾದರೂ ಕರೆದು "ನೀರು ಕಾದಿದೆ, ಸ್ನಾನ ಮಾಡ್ಕೊಂಡು ಬನ್ನಿ" ಅನ್ನಬೇಕೆನಿಸಿತು. ಯಾರಿದ್ದರು? ಟವೆಲ್ಲು ಸುತ್ತಿಕೊಂಡೇ ಗೇಟಿನವರೆಗೆ ಹೋಗಿ ಅಸ್ಕಾರಿಯನ್ನು ಕರೆತಂದು ನಲ್ಲಿಯ ಕೆಳಗೆ ಕೈಯಿಡಿಸಿದ. "ಮೋಟೋ! ಮೋಟೋ ಸಾನಾ!" ಬಿಸಿ, ಬಹಳ ಬಿಸಿ ಎಂದು ಅಸ್ಕಾರಿ ಕೈ ಕೊಡವಿ ನಕ್ಕ, ಗೇಟಿಗೆ ವಾಪಸು ಹೋದ. ಗಂಗಾಧರ ನಲ್ಲಿ ನಿಲ್ಲಿಸಿದ. ಮನೆ ಮೊದಲಿಗಿಂತ ನಿಶ್ಶಬ್ದವಾಯಿತು.

ಆಮೇಲೆ ಪರಿಶೀಲನೆಗೆ ನಿಧಿಯ ಕಡೆಯಿಂದ ಒಬ್ಬ ಹುಡುಗಿ ಬಂದಳು, ಮ್ವೆಂದೆ ಎಂದು ಹೆಸರು. ಕೈಯಲ್ಲಿ ಟ್ಯಾಬು, ಮೈಮೇಲೆ ಚಳಿಗೆ ದಪ್ಪನೆಯ ಜಾಕೀಟು. ಮೆಷಿನ್ನನ್ನು ಸುತ್ತಿ ನೋಡಿದಳು, ಮೀಟರಿನ ನಂಬರ್ ಬರೆದುಕೊಂಡಳು. ಮುಖ ಸಣ್ಣದಾಯಿತು.

"ಮ್ಜೇ, ಪೋಲೆ," ಎಂದಳು. ಹಿರಿಯರೇ, ಬೇಜಾರಾಗಬೇಡಿ ಎಂದು. "ನಿಮ್ಮ ಅರ್ಜಿ ನೈರೋಬಿ ಪ್ರದೇಶದ್ದು. ಈ ಮನೆ ಇರೋದು ಪಕ್ಕದ ಜಿಲ್ಲೆ, ಮಚಾಕೋಸ್ ಕೌಂಟಿಯಲ್ಲಿ."

"ಏನು ಹಾಗಂದ್ರೆ? ನಾನು ದಿನಾ ಕೆಲಸಕ್ಕೆ ಹೋಗೋದು ನೈರೋಬಿಗೆ. ನನ್ನ ಪೆಟ್ಟಿಗೆ ನೈರೋಬಿ. ಎಲ್ಲಿರೋದು ಅಂತ ಕೇಳಿದ್ರೆ ಈ ಸಾಲಿನಲ್ಲಿ ಯಾರಾದ್ರೂ ಮಚಾಕೋಸ್ ಅಂತಾರಾ?" ಅವನ ಸ್ವಾಹಿಲಿ ಕಾರ್ಖಾನೆಯ ಸ್ವಾಹಿಲಿ, ಸಿಟ್ಟು ಬಂದರೆ ಅರ್ಧ ಕನ್ನಡವಾಗುತ್ತಿತ್ತು.

"ಯಾರೂ ಅನ್ನಲ್ಲ. ಆದರೆ ನಾವು ಪೆಟ್ಟಿಗೆ ನೋಡಲ್ಲ, ಮೀಟರ್ ಎಲ್ಲಿ ನಿಂತಿದೆ ಅಂತ ನೋಡ್ತೀವಿ. ಗಡಿ ನೀವು ಬರೋ ದಾರಿಯಲ್ಲೇ ಇದೆ, ದಿನಾ ದಾಟ್ತೀರಿ."

"ಹಾಗಾದ್ರೆ ಮಚಾಕೋಸಿನದ್ದು ಕೊಡಿ! ಅದೂ ನಿಮ್ಮದೇ ಅಲ್ವಾ?"

"ಈ ಕಡೆಯವರಿಗೂ ಇದೆ, ಹೌದು. ಆದರೆ ಎರಡು ಕಡೆಗೂ ಒಂದು ನಿಯಮ ಸಮ. ಮೊದಲು ನಾವು ಬಂದು ಒಪ್ಪಬೇಕು, ಆಮೇಲೆ ನೀವು ಕೊಳ್ಳಬೇಕು. ನೀವು ಕೊಂಡು, ಜೋಡಿಸಿ, ಸ್ನಾನಾನೂ ಮಾಡ್ತಿದ್ದೀರಿ."

ಗಂಗಾಧರ ಸಿಡಿದ. ಹುಡುಗಿಯ ಮೇಲೆ, ನಿಧಿಯ ಮೇಲೆ, ಗಡಿ ಎಳೆದವರ ಮೇಲೆ, ಮಂಜುನಾಥನ ಮೇಲೆ, ಒಬ್ಬರನ್ನೂ ಬಿಡದೆ ಕೂಗಿದ. ಬಿಸಿನೀರಿಗೂ ಗಡಿಯೇ? ಇಲ್ಲಿನ ಗಾಳಿ ಮಚಾಕೋಸಿನದು, ಅಲ್ಲಿನ ಗಾಳಿ ನೈರೋಬಿಯದೇ? ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಮ್ವೆಂದೆ ಓಡಿಹೋಗಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂತು, ಅವನ ಉಸಿರು ಮುಗಿಯುವವರೆಗೂ ಕೇಳಿದಳು. ಅವನಿಗೇ ನಾಚಿಕೆಯಾಗಿ ನಿಲ್ಲಿಸಿದ.

"ಅಷ್ಟೊಂದು ಅವಸರ ಏನಿತ್ತು ಮ್ಜೇ?"

"ಮಗಳಿಗೆ ಹೆರಿಗೆ. ನಮ್ಮಲ್ಲಿ ತವರಿನಲ್ಲೇ ಬಾಣಂತಿಗೆ ನೀರು ಹಾಕ್ಬೇಕು. ಎಣ್ಣೆ ತಿಕ್ಕಿ, ಸೊಂಟದ ಮೇಲೆ, ಬೆನ್ನಿನ ಮೇಲೆ, ಹಂಡೆಗಟ್ಟಲೆ ಬಿಸಿನೀರು ಹೊಯ್ಯಬೇಕು. ಅದಕ್ಕೆ."

ಅವಳ ಮುಖ ಅರಳಿತು. "ನಮ್ಮಲ್ಲೂ ಹಾಗೇ! ನನ್ನ ಅಕ್ಕನಿಗೆ ಅಮ್ಮ ದಿನಾ ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒತ್ತುತ್ತಿದ್ದರು, ಅಕ್ಕ ಅರಚುತ್ತಿದ್ದಳು." ನಕ್ಕು ಮನೆಯೊಳಗೆ ಇಣುಕಿದಳು. "ಮಾಮಾ ಎಲ್ಲಿ, ಮಗಳ ಅಮ್ಮ? ಅವರು ತಾನೆ ಹಾಕೋದು?"

ಗಂಗಾಧರ ತಿರುಗಿ ಬಚ್ಚಲಿನ ಬಾಗಿಲು ನೋಡಿದ.

ನಂಬುತ್ತೀರೋ ಇಲ್ಲವೋ, ಸೀಮಂತದ ದಿನದಿಂದ ಅಲ್ಲಿಯವರೆಗೆ ಅವನಿಗೆ ಇದು ಹೊಳೆದಿರಲೇ ಇಲ್ಲ. ಟ್ಯಾಂಕು ಎಷ್ಟು ದೊಡ್ಡದು, ನೀರು ಎಷ್ಟು ಬಿಸಿ, ಪೈಪು ಎಲ್ಲಿಂದ ತರಬೇಕು ಎಲ್ಲ ಯೋಚಿಸಿದ್ದ. ನೀರು ಹೊಯ್ಯುವ ಕೈ ಯಾರದು ಎಂದು ಯೋಚಿಸಿರಲಿಲ್ಲ. ಅಪ್ಪನಾದವನು ಹೆರಿಗೆಯಾದ ಮಗಳಿಗೆ ನೀರು ಹಾಕುವ ಹಾಗಿಲ್ಲ. ನೀರು ಕಾಯಿಸಿ ಬಚ್ಚಲಿನ ಹೊರಗೆ ನಿಲ್ಲಬಹುದು, ಅಷ್ಟೇ. ಒಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ರುಕ್ಮಿಣಿಯನ್ನು ಅವನು ತನಗೇ ಗೊತ್ತಿಲ್ಲದಂತೆ ಕಲ್ಪಿಸಿಕೊಂಡಿದ್ದ. ಸತ್ತವಳನ್ನು ಲೆಕ್ಕಕ್ಕೆ ಹಿಡಿದಿದ್ದ.

"ಇಲ್ಲ," ಎಂದ ಕೊನೆಗೆ. ಆಮೇಲೆ ಅದನ್ನೇ ಅವಳ ಸ್ವಾಹಿಲಿಯಲ್ಲಿ, "ಹಾಕುನಾ." ಮ್ವೆಂದೆ ಟ್ಯಾಬು ಮುಚ್ಚಿ ಎದ್ದಳು. ಮತ್ತೊಮ್ಮೆ ಪೋಲೆ ಎಂದು ಹೇಳಿ, ಗೇಟು ದಾಟಿದಳು.

ಆ ಭಾನುವಾರ ನಿಹಾರಿಕಾಳೇ ಫೋನು ಮಾಡಿದಳು. ರಿಬೇಟು ಬರಲಿಲ್ಲವೆಂದು ಹೇಳಿದ, ಮೆಷಿನು ಚೆನ್ನಾಗಿದೆಯೆಂದೂ ಹೇಳಿದ.

"ಇಟ್ಸ್ ಓಕೆ, ಅಪ್ಪಾ," ಅವಳ ದನಿ ಮೆತ್ತಗಿತ್ತು. "ಆದ್ರೆ ಅಲ್ಲಿ... ಹೂ ವಿಲ್ ಡು ಇಟ್? ಅತ್ತೆ ವೀಸಾ ಎಕ್ಸ್‌ಟೆಂಡ್ ಮಾಡಿಸಿದ್ದಾರೆ. ಷಿ ನೋಸ್ ಎವ್ರಿಥಿಂಗ್. ನೀರು ಹಾಕೋದು, ಹೊಗೆ ಹಾಕೋದು, ಎಲ್ಲ."

ಅವಳು ಅಲ್ಲಿಗೆ ನಿಲ್ಲಿಸಿದಳು. ಫೋನು ಇಡಲಿಲ್ಲ. ಅಪ್ಪ ಏನೋ ಹೇಳಲಿ ಎಂದು ಕಾಯುತ್ತಿದ್ದಳು. ಹೇಳಬೇಕಾದ್ದು ಎಂಥ ದೊಡ್ಡ ಮಾತು? "ನಿಮ್ಮತ್ತೇನೂ ಕರ್ಕೊಂಡು ಬಾ. ಅವರೇ ಇಲ್ಲಿದ್ದು ನೀರು ಹಾಕಲಿ." ಅಷ್ಟು ಹೇಳಿದ್ದರೆ ಮಗಳು ಬರುತ್ತಿದ್ದಳು. ಎರಡನೇ ಕೋಣೆ ಖಾಲಿಯೇ ಇತ್ತು. ಮಾತು ಗಂಟಲವರೆಗೆ ಬಂತು ಕೂಡ. ಅಷ್ಟರಲ್ಲಿ ತುಪ್ಪದ ಮಿಳ್ಳೆ ಹಿಡಿದ ಆ ಕೈ ಕಣ್ಣ ಮುಂದೆ ಬಂತು, ಪಂಕ್ತಿಯ ನಗು ಕೇಳಿತು. ಆ ಹೆಂಗಸನ್ನು ತನ್ನ ಬಾಯಿಯಿಂದ ತನ್ನ ಬಚ್ಚಲಿಗೆ ಕರೆಯುವುದೇ?

"ಸರಿ," ಎಂದ ಗಂಗಾಧರ. "ನಿನಗೆ ಹೇಗೆ ಅನುಕೂಲವೋ ಹಾಗೆ."

"ಷೂರ್, ಅಪ್ಪಾ?"

"ಅಂದ್ನಲ್ಲ, ಸರಿ ಅಂತ!" ಸಿಟ್ಟು ಬೇಡದ ಜಾಗದಲ್ಲಿ ಬಂದಿತು. ಫೋನು ಕಟ್ಟಾಯಿತು.

ಜುಲೈ ಕೊನೆಗೆ ಮಗು ಹುಟ್ಟಿತು. ಹೆಣ್ಣು. ಭಾನುವಾರ ಭಾನುವಾರ ಗಂಗಾಧರ ಎರಡು ಮಟಾಟು ಬದಲಾಯಿಸಿ ರಿವರ್‌ಸೈಡಿಗೆ ಹೋಗಿ ಸೋಫಾದ ತುದಿಯಲ್ಲಿ ನೆಂಟನಂತೆ ಕೂರುತ್ತಿದ್ದ. ಒಂದು ದಿನ ಅವನು ಹೋದಾಗ ಸಾಂಬ್ರಾಣಿಯ ವಾಸನೆ ಬಾಗಿಲಿಗೇ ಬಂದಿತ್ತು. ಮಗಳು ಒಳಕೋಣೆಯಲ್ಲಿ ತಲೆಗೆ ಬಟ್ಟೆ ಸುತ್ತಿ ಮಲಗಿದ್ದಳು. ಕಾತ್ಯಾಯಿನಿಯಮ್ಮ ಬಚ್ಚಲಿನಿಂದ ಬಂದರು. ಸೀರೆ ಮೊಣಕಾಲಿನವರೆಗೆ ನೆನೆದಿತ್ತು, ಮುಂಗೈ ಕೆಂಪಾಗಿತ್ತು. ಗೋಡೆ ಹಿಡಿದು ಮೆಲ್ಲಗೆ ಕೂತರು.

"ಅಯ್ಯೋ ಬೀಗರೇ, ಸಾಕಾಯ್ತು ನೋಡಿ. ಈ ಮನೆ ಗೀಸರ್ರು ಎರಡು ಬಕೆಟ್ಟಿಗೆ ಗೋತಾ. ಆಮೇಲೆ ಕೆಟ್ಲಲ್ಲಿ ಕಾಯಿಸ್ಕೊಂಡು ಕಾಯಿಸ್ಕೊಂಡು ಓಡಬೇಕು. ಬಾಣಂತಿ ನಡುಗ್ತಾ ಕೂತಿರ್ತಾಳೆ. ನನ್ನ ಸೊಂಟ ಬಿದ್ದೇಹೋಯ್ತು."

ಆಕೆಯ ದನಿಯಲ್ಲಿ ಕುಹಕವಿರಲಿಲ್ಲ. ದಣಿದ ಹೆಂಗಸಿನ ಮಾತು. ಸೀಮಂತದ ದಿನ ತಾನು ಏನಂದೆ ಎಂಬ ನೆನಪೂ ಆಕೆಗೆ ಇದ್ದಂತಿರಲಿಲ್ಲ.

"ನಮ್ಮನೇಲಿ..." ಎಂದ ಗಂಗಾಧರ.

"ನಿಮ್ಮನೇಲಿ ಏನು?"

ಸಂಕೇತ ಕಾಫಿ ತಂದು ಕೊಟ್ಟ. ಒಳಗೆ ಮಗು ಕುಂಯ್‌ಗುಟ್ಟಿತು. ಗಂಗಾಧರ ಲೋಟವನ್ನೇ ನೋಡಿದ.

"ಏನಿಲ್ಲ. ನಮ್ಮನೇಲಿ ಈಗ ಚಳಿ ಕಮ್ಮಿಯಾಗಿದೆ ಅಂದೆ."

ವೀಸಾ ಮುಗಿದು ಕಾತ್ಯಾಯಿನಿಯಮ್ಮ ಮೈಸೂರಿಗೆ ಹೊರಟುಹೋದರು. ಆ ಹೊತ್ತಿಗೆ ಬಾಣಂತನವೂ ಮುಗಿದಿತ್ತು, ನಿಹಾರಿಕಾ ಆಫೀಸಿಗೆ ಹೋಗಲು ಶುರುಮಾಡಿದ್ದಳು. ಒಂದು ಶನಿವಾರ ಮಗುವನ್ನೆತ್ತಿಕೊಂಡು ಸ್ಯೊಕಿಮಾವಿಗೆ ಬಂದಳು. ಬೆಳಗಿನಿಂದ ಗಂಗಾಧರ ಟ್ಯಾಂಕು ತುಂಬ ನೀರು ಕಾಯಿಸಿಟ್ಟಿದ್ದ, ಹೊಸ ಬಕೆಟ್ಟು ತಂದಿದ್ದ, ಎಣ್ಣೆ ಬೆಚ್ಚಗೆ ಮಾಡಿಟ್ಟಿದ್ದ.

"ತಲೆಗೆ ನೀರು ಹಾಕ್ಕೊಳ್ತೀಯೇನಮ್ಮ? ಮಗೂನ ನಾನು ನೋಡ್ಕೋತೀನಿ."

"ಷವರ್ ಮಾಡ್ಕೊಂಡೇ ಬಂದೆ, ಅಪ್ಪಾ. ಪಾಪೂಗೂ ಆಯ್ತು." ಆಮೇಲೆ ಅವನ ಮುಖ ನೋಡಿ, "ನೆಕ್ಸ್ಟ್ ಟೈಮ್, ಅಪ್ಪಾ. ಪ್ರಾಮಿಸ್," ಎಂದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆದುಕೊಂಡಳು. "ವಾವ್, ಇಟ್ಸ್ ರಿಯಲಿ ಹಾಟ್!" ಎಂದು ಅಲ್ಲಿಂದಲೇ ಕೂಗಿ ಹೇಳಿದಳು.

ಜಾಮು ಶುರುವಾಗುವ ಮೊದಲು ಹೊರಟಳು. ಆ ನೆಕ್ಸ್ಟ್ ಟೈಮಿನಲ್ಲಿ ಅವಳು ಎಷ್ಟೋ ಸಲ ಬಂದಳು, ಉಂಡಳು, ಹೋದಳು. ಆದರೆ ಬಾಣಂತಿಗೆ ಹಾಕುವ ನೀರು ಆ ದಿನಗಳಿಗೇ ಸಲ್ಲಬೇಕು, ಆಮೇಲೆ ಎಷ್ಟು ಹೊಯ್ದರೂ ಅದು ಬರೀ ಸ್ನಾನ. ರುಕ್ಮಿಣಿಗೆ ಅವಳ ತವರು ಆ ನೀರು ಹಾಕಿತ್ತು. ನಿಹಾರಿಕಾಳಿಗೆ ಅವಳ ತವರು ಹಾಕಲಿಲ್ಲ. ಆ ಋಣ ಗಂಗಾಧರನ ಮೇಲೆ ಹಾಗೇ ಉಳಿಯಿತು.